ಲಾ ವಿದ್ಯಾರ್ಥಿಗಳಿಗೆ ಲೀಡರ್‌ಶಿಪ್ ಭಾಷಣ ಯಾಕೆ?

ಸಂಪಾದಕರೇ,

ಈಗ ಲಾ ಕಾಲೇಜುಗಳಲ್ಲೂ ಲೀಡರ್‌ಶಿಪ್ ಕಾರ್ಯಾಗಾರಗಳ ಭರಾಟೆ. ಯಾವುದೋ ಕಂಪನಿಯವರು ಬಂದು, ದೊಡ್ಡ ಕನಸು ಕಾಣಿ, ನಿಮ್ಮನ್ನು ನೀವೇ ಬ್ರ್ಯಾಂಡ್ ಮಾಡ್ಕೊಳ್ಳಿ ಅಂತ ಹೇಳಿ, ಶಾಲು ಹೊದೆಸಿಕೊಂಡು ಹೋಗುತ್ತಾರೆ. ನಮ್ಮ ಆಫೀಸಿಗೆ ಇಂಟರ್ನ್‌ಶಿಪ್‌ಗೆ ಬರುವ ಹುಡುಗರ ಫೈಲಿನಲ್ಲಿ ಇಂಥ ಸರ್ಟಿಫಿಕೇಟ್ ಬೇಕಾದಷ್ಟಿರುತ್ತವೆ. ವಕಾಲತ್ತಿಗೆ, ಅಂದರೆ ಕೇಸ್ ನಡೆಸಲು ಕಕ್ಷಿದಾರರು ವಕೀಲರಿಗೆ ಕೊಡುವ ಅಧಿಕಾರ ಪತ್ರಕ್ಕೆ, ಯಾರು ಯಾರು ಸಹಿ ಹಾಕಬೇಕು ಅಂತ ಕೇಳಿದರೆ ಮಾತ್ರ ಮುಖ ಮುಖ ನೋಡಿಕೊಳ್ಳುತ್ತಾರೆ.

ಬಿಸಿನೆಸ್‌ನವರಿಂದ ಕಲಿಯೋದು ಖಂಡಿತ ಇದೆ. ಅವರ ಭಾಷಣ ಬಿಟ್ಟು ಕೆಲಸದ ರೀತಿ ನೋಡಬೇಕು ಅಷ್ಟೆ. ಟೊಯೊಟಾದಲ್ಲಿ ಒಂದು ಹಳೇ ಪದ್ಧತಿ ಇದೆ: ತೊಂದರೆ ಬಂದರೆ ಮ್ಯಾನೇಜರ್ ಎದ್ದು, ಕೆಲಸ ನಡೆಯುವ ಜಾಗಕ್ಕೇ ಹೋಗಿ ಕಣ್ಣಾರೆ ನೋಡಬೇಕು. ನಮಗೆ ಆ ಜಾಗ ಕೋರ್ಟ್ ಹಾಲ್. ಬಾರ್ ಕೌನ್ಸಿಲ್‌ನ 2008ರ ನಿಯಮದಂತೆ ಮೂರು ವರ್ಷದ ಕೋರ್ಸಿಗೆ 12 ವಾರ, ಐದು ವರ್ಷದ್ದಕ್ಕೆ 20 ವಾರ ಇಂಟರ್ನ್‌ಶಿಪ್ ಆಗಲೇಬೇಕು. ಎಷ್ಟೋ ಜನ ಪರಿಚಯದ ವಕೀಲರ ಹತ್ತಿರ ಸಹಿ ಹಾಕಿಸಿಕೊಂಡು ಮುಗಿಸುತ್ತಾರೆ (ಸಹಿ ಹಾಕುವ ನಮ್ಮವರನ್ನೂ ಕೇಳಬೇಕು ಬಿಡಿ). ಒಂದು ದಿನ ಸಿವಿಲ್ ಕೋರ್ಟಿನ ಹಿಂದಿನ ಬೆಂಚಿನಲ್ಲಿ ಸುಮ್ನೆ ಕೂತು ನೋಡಿ. ಬೆಂಚ್ ಕ್ಲರ್ಕ್ ಕೇಸ್ ಕೂಗಿದ ಕೂಡಲೇ ಒಬ್ಬ ಜೂನಿಯರ್ ಎದ್ದು, ಸೀನಿಯರ್ ಬೇರೆ ಹಾಲ್‌ನಲ್ಲಿದ್ದಾರೆ, ಪಾಸ್ ಓವರ್ ಕೊಡಿ ಸ್ವಾಮಿ, ಅಂದರೆ ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಕೂಗಿ, ಅನ್ನುತ್ತಾನೆ. ಪಾಲಿನ ದಾವೆಯಲ್ಲಿ ಕಟಕಟೆ ಹತ್ತಿದ ಹಿರಿಯರನ್ನು ಪಹಣಿಯಲ್ಲಿ ಯಾರ ಹೆಸರಿದೆ ಅಂತ ಪಾಟೀಸವಾಲಿನಲ್ಲಿ ಕೇಳಿದರೆ, ಅವರು ತಮ್ಮನ ಮದುವೆಗೆ ಯಾರು ಖರ್ಚು ಮಾಡಿದ್ರು ಅಂತ ಶುರು ಮಾಡುತ್ತಾರೆ. ಅವರನ್ನು ಗದರದೆ ವಾಪಸ್ ಪಹಣಿಗೆ ಎಳೆದು ತರೋದು ಹೇಗೆ ಅಂತ ಯಾವ ನೋಟ್ಸ್‌ನಲ್ಲೂ ಇಲ್ಲ.

ಇನ್ನೊಂದು ಅಮೆಜಾನ್‌ನದು. 2004ರಲ್ಲಿ ಜೆಫ್ ಬೆಜೋಸ್ ಹಿರಿಯ ಅಧಿಕಾರಿಗಳ ಮೀಟಿಂಗಿನಲ್ಲಿ ಪವರ್‌ಪಾಯಿಂಟ್ ನಿಲ್ಲಿಸಿದರು. ಹೇಳೋದನ್ನು ಪೂರ್ತಿ ವಾಕ್ಯಗಳಲ್ಲಿ ಬರೆದು ತರಬೇಕು, ಎಲ್ಲರೂ ಮೊದಲು ಕೂತು ಓದಬೇಕು, ಆಮೇಲೆ ಮಾತು. ಬರೆಯಲು ಕೂತಾಗಲೇ ಅಲ್ವಾ ನಮಗೆ ಎಷ್ಟು ಅರ್ಥವಾಗಿದೆ ಅಂತ ಗೊತ್ತಾಗೋದು? ನಮ್ಮಲ್ಲಿ ಗೈಡ್ ಓದಿ, ಕೇಶವಾನಂದ ಭಾರತಿ ಕೇಸು, 1973, ಸಂವಿಧಾನದ ಮೂಲ ರಚನೆ ಬದಲಿಸುವಂತಿಲ್ಲ ಅಂತ ಬರೆದರೆ ಮಾರ್ಕ್ಸ್ ಬರುತ್ತೆ. ಆ ಕೇಶವಾನಂದ ಭಾರತಿ, ಅಂದರೆ ಕಾಸರಗೋಡಿನ ಎಡನೀರು ಮಠದ ಸ್ವಾಮೀಜಿ, ಸುಪ್ರೀಂ ಕೋರ್ಟಿಗೆ ಯಾಕೆ ಹೋದ್ರು ಅಂತ ಕೇಳಿ, ಹೇಳುವವರು ಕಡಿಮೆ. ಕೇರಳದ ಭೂಸುಧಾರಣೆ ಕಾಯ್ದೆಯಿಂದ ಮಠದ ಜಮೀನಿಗೆ ಕುತ್ತು ಬಂದಿತ್ತು. 13 ನ್ಯಾಯಮೂರ್ತಿಗಳ ಪೀಠ 7–6ರಲ್ಲಿ ಮೂಲ ರಚನೆಯ ತತ್ವ ಕೊಟ್ಟಿತು. ಆದರೆ ಕೇರಳದ ಆ ಕಾಯ್ದೆಗಳಿಗೆ ರಕ್ಷಣೆ ಕೊಟ್ಟ ಸಂವಿಧಾನದ 29ನೇ ತಿದ್ದುಪಡಿ ಉಳಿಯಿತು, ಸ್ವಾಮೀಜಿ ಕೇಳಿದ್ದು ಸಿಗಲಿಲ್ಲ. ಯಾರು ಬಂದರು, ಏನು ಕೇಳಿದರು, ಏನು ಸಿಕ್ಕಿತು, ಇಷ್ಟನ್ನು ಸ್ವಂತ ಮಾತಿನಲ್ಲಿ ಒಂದು ಪುಟ ಬರೆಯಬಲ್ಲ ಹುಡುಗಿ ನಾಳೆ ಕಕ್ಷಿದಾರರ ಕಥೆ ಕೇಳಿ ದಾವೆಯನ್ನೂ ಬರೆಯುತ್ತಾಳೆ.

ಕಾಲೇಜಿನವರು ಕಾರ್ಯಾಗಾರದ ದುಡ್ಡಲ್ಲಿ ಜಿಲ್ಲಾ ನ್ಯಾಯಾಲಯಕ್ಕೆ ಒಂದು ಬಸ್ ಮಾಡಲಿ. ವಾರಕ್ಕೊಂದು ತೀರ್ಪಿನ ಬಗ್ಗೆ ಒಂದು ಪುಟ ಕೈಬರಹದಲ್ಲಿ ಬರೆಸಿ, ಅದಕ್ಕೆ ಇಂಟರ್ನಲ್ ಮಾರ್ಕ್ಸ್ ಕೊಡಲಿ.

– ಒಬ್ಬ ವಕೀಲ, ಧಾರವಾಡ