ವಾರಂಟಿ ಮುಗಿದ ನಾಲ್ಕನೇ ತಿಂಗಳಿಗೆ ಹೋದ ಇಂಜಿನ್: ಗ್ರಾಹಕ ವ್ಯವಹಾರಗಳ ಸಚಿವರಿಗೆ ಒಂದು ಬಹಿರಂಗ ಪತ್ರ

ಮಾನ್ಯ ಸಚಿವರೇ,

ನಮಸ್ಕಾರ. ನನ್ನ ಕಾರಿನ ಇಂಜಿನ್ ಹೋಯಿತು. ಇಷ್ಟಕ್ಕೆಲ್ಲ ಸಚಿವರಿಗೇ ಪತ್ರ ಬರೀಬೇಕಾ ಅಂತ ನಿಮಗೆ ಅನಿಸಬಹುದು. ಮೊದಲು ನನಗೂ ಹಾಗೇ ಅನಿಸಿತ್ತು. ಆದರೆ ಐದು ತಿಂಗಳು ಕಂಪನಿಯ ಹಿಂದೆ ಓಡಾಡಿದ ಮೇಲೆ ಒಂದು ವಿಷಯ ಅರ್ಥವಾಯಿತು. ಇಂಜಿನ್ ಯಾಕೆ ಹೋಯಿತು ಅನ್ನುವುದನ್ನು ತಿಳಿಯುವ ದಾರಿ ಇರುವುದು ಕಂಪನಿಗೆ ಮಾತ್ರ. ಆದರೆ ಸಾಬೀತು ಮಾಡಬೇಕಾದವಳು ನಾನು. ಇದನ್ನು ಬಗೆಹರಿಸುವುದು ನನ್ನ ಕೈಯಲ್ಲಿಲ್ಲ, ನಿಮ್ಮ ಕೈಯಲ್ಲಿದೆ.

ನಡೆದದ್ದು ಇಷ್ಟು. ಕಾರನ್ನು ಹೊಸದಾಗಿಯೇ ಕೊಂಡಿದ್ದೆ. ವಾರಂಟಿ 3 ವರ್ಷ. ಇಂಜಿನ್ ಕೈಕೊಟ್ಟಿದ್ದು 3 ವರ್ಷ 4 ತಿಂಗಳಿಗೆ, 58,000 ಕಿಲೋಮೀಟರ್ ಓಡಿದ್ದಾಗ. ಒಂದು ಸರ್ವಿಸ್ ಕೂಡ ತಪ್ಪಿಸಿಲ್ಲ. ಒಂದನ್ನೂ ಹೊರಗಿನ ಗ್ಯಾರೇಜಿನಲ್ಲಿ ಮಾಡಿಸಿಲ್ಲ. ಆಯಿಲ್ ಬದಲಾಯಿಸಿದ್ದು ಕಂಪನಿಯದೇ ವರ್ಕ್‌ಶಾಪ್, ಹಾಕಿದ್ದು ಅವರದೇ ಆಯಿಲ್.

ಎರಡನೇ ವರ್ಷದಿಂದಲೇ ಬೆಳಿಗ್ಗೆ ಮೊದಲ ಸಲ ಸ್ಟಾರ್ಟ್ ಮಾಡಿದಾಗ ಎರಡು ಮೂರು ಸೆಕೆಂಡ್ ಕಟಕಟ ಅಂತ ಸದ್ದು ಬರುತ್ತಿತ್ತು. ತಗಡಿನ ಡಬ್ಬಿಯಲ್ಲಿ ಮೊಳೆ ಹಾಕಿ ಅಲ್ಲಾಡಿಸಿದ ಹಾಗೆ. ಆಮೇಲೆ ತಾನಾಗಿಯೇ ನಿಲ್ಲುತ್ತಿತ್ತು. ಸರ್ವಿಸ್‌ಗೆ ಬಿಟ್ಟಾಗ ಹೇಳಿದೆ. ಸರ್ವಿಸ್ ಅಡ್ವೈಸರ್ ಬಾನೆಟ್ ಎತ್ತಿ ಕಿವಿ ಕೊಟ್ಟು, "ಈ ಮಾಡೆಲ್‌ನಲ್ಲಿ ಇದು ನಾರ್ಮಲ್ ಮೇಡಂ" ಅಂದರು. ಅಷ್ಟು ಹೊತ್ತಿಗೆ ಇಂಜಿನ್ ಬಿಸಿಯಾಗಿತ್ತು, ಸದ್ದು ಎಲ್ಲಿಂದ ಬರಬೇಕು? ಮುಂದಿನ ಸರ್ವಿಸ್‌ನಲ್ಲಿ ಮತ್ತೆ ಹೇಳಿದೆ. ಈ ಸಲ ಹಟ ಹಿಡಿದು ಜಾಬ್ ಕಾರ್ಡ್‌ನಲ್ಲಿ ಬರೆಸಿದೆ. "ಗ್ರಾಹಕರು ಹೇಳಿದ ಸದ್ದು ಪರಿಶೀಲಿಸಲಾಗಿದೆ, ಸಹಜ" ಅಂತ ಅವರೇ ಬರೆದು ಸೀಲು ಹಾಕಿ ಕೊಟ್ಟ ಕಾಗದ ನನ್ನ ಹತ್ತಿರ ಇದೆ. ಅದರ ಮೇಲಿನ ತಾರೀಕು ವಾರಂಟಿ ಒಳಗಿನದು.

ಆ ಸದ್ದು ಏನು ಅಂತ ನನಗೆ ಗೊತ್ತಾಗಿದ್ದು ಇಂಜಿನ್ ಬಿಚ್ಚಿದ ಮೇಲೆ. ನಿಮಗೂ ಹೇಳುತ್ತೇನೆ, ಯಾಕೆಂದರೆ ಇಡೀ ಜಗಳ ಇರುವುದು ಇಲ್ಲೇ. ಇಂಜಿನ್‌ನಲ್ಲಿ ಪಿಸ್ಟನ್‌ಗಳು ತಿರುಗಿಸುವ ಕ್ರ್ಯಾಂಕ್‌ಶಾಫ್ಟ್ ಎರಡು ಸುತ್ತು ತಿರುಗಿದರೆ, ವಾಲ್ವ್‌ಗಳನ್ನು ತೆರೆದು ಮುಚ್ಚುವ ಕ್ಯಾಮ್‌ಶಾಫ್ಟ್ ಸರಿಯಾಗಿ ಒಂದು ಸುತ್ತು ತಿರುಗಬೇಕು. ಇವೆರಡರ ತಾಳ ತಪ್ಪದಂತೆ ಹಿಡಿದಿಡುವುದು ಟೈಮಿಂಗ್ ಚೈನ್. ಆ ಚೈನ್ ಸಡಿಲವಾಗದಂತೆ ಒತ್ತಿ ಹಿಡಿಯುವುದು ಟೆನ್ಷನರ್. ಹೆಬ್ಬೆರಳಿಗಿಂತ ಸ್ವಲ್ಪ ದೊಡ್ಡದು, ಅಷ್ಟೇ. ಅದಕ್ಕೆ ಬಲ ಬರುವುದು ಇಂಜಿನ್ ಆಯಿಲ್‌ನ ಒತ್ತಡದಿಂದ. ಟೆನ್ಷನರ್ ಸೋತಿದ್ದರೆ, ಸ್ಟಾರ್ಟ್ ಮಾಡಿ ಆಯಿಲ್ ಒತ್ತಡ ಏರುವವರೆಗೆ ಚೈನ್ ಬಡಿದಾಡುತ್ತದೆ. ಬೆಳಗಿನ ಕಟಕಟ ಅದೇ. ಹೀಗೇ ಬಿಟ್ಟರೆ ಒಂದು ದಿನ ಚೈನ್ ತನ್ನ ಗೇರಿನ ಹಲ್ಲು ದಾಟಿ ಜಾರುತ್ತದೆ, ತಾಳ ತಪ್ಪುತ್ತದೆ. ನನ್ನ ಇಂಜಿನ್‌ನಂಥದ್ದರಲ್ಲಿ ಆಗ ತೆರೆದಿರುವ ವಾಲ್ವ್‌ಗೆ ಪಿಸ್ಟನ್ ಬಂದು ಗುದ್ದುತ್ತದೆ. ನನ್ನದರಲ್ಲಿ ಎಂಟು ವಾಲ್ವ್ ಬಾಗಿದ್ದವು, ಒಂದು ಪಿಸ್ಟನ್ ಒಡೆದಿತ್ತು. ಹೆದ್ದಾರಿಯಲ್ಲಿ, ಬಲಗಡೆ ಲೇನ್‌ನಲ್ಲಿ, ಹಿಂದೆ ಲಾರಿ ಇದ್ದಾಗ ಇಂಜಿನ್ ಆಫ್ ಆದರೆ ಹೇಗಿರುತ್ತದೆ ಅನ್ನುವುದನ್ನು ವಿವರಿಸಲು ಹೋಗುವುದಿಲ್ಲ. ಬದುಕಿದ್ದೇನೆ.

ರಿಪೇರಿಗೆ ಕೊಟ್ಟ ಎಸ್ಟಿಮೇಟ್, ಕಾರಿನ ಈಗಿನ ಬೆಲೆಯ ಅರ್ಧಕ್ಕಿಂತ ಜಾಸ್ತಿ.

ಕಂಪನಿಗೆ ಮೇಲ್ ಹಾಕಿದೆ. ನಾಲ್ಕು ಸಾಲಿನ ಉತ್ತರ ಬಂತು. ವಾರಂಟಿ ಅವಧಿ ಮುಗಿದಿದೆ, ನಿಮಗಾದ ತೊಂದರೆಗೆ ವಿಷಾದವಿದೆ. ಜಾಬ್ ಕಾರ್ಡ್ ಕಳಿಸಿದೆ. ಆಗ ಮಾತು ಬದಲಾಯಿತು. ಆಯಿಲ್ ಸರಿಯಾಗಿ ನೋಡಿಕೊಂಡಿಲ್ಲ ಅಂದರು. ಆಯಿಲ್ ಹಾಕಿದವರು ನೀವೇ ಅಲ್ವಾ ಅಂತ ಎಲ್ಲ ಸರ್ವಿಸ್ ಬಿಲ್ ಕಳಿಸಿದೆ. ಮೂರು ವಾರ ಸುದ್ದಿಯಿಲ್ಲ. ಆಮೇಲೆ 'ಗುಡ್‌ವಿಲ್' ಅನ್ನುವ ಹೆಸರಿನಲ್ಲಿ ಬಿಡಿಭಾಗದ ಬೆಲೆಯಲ್ಲಿ ಒಂದು ಪಾಲು ಬಿಡುತ್ತೇವೆ ಅಂದರು. ಕೆಳಗೆ ಒಂದು ಶರತ್ತು: ಮುಂದೆ ಯಾವ ದಾವೆ ಹೂಡುವುದಿಲ್ಲ, ಈ ವಿಷಯ ಯಾರ ಹತ್ತಿರವೂ ಹೇಳುವುದಿಲ್ಲ ಅಂತ ಸಹಿ ಹಾಕಬೇಕು. ತಪ್ಪೇ ಮಾಡದವರಿಗೆ ನನ್ನ ಬಾಯಿ ಮುಚ್ಚಿಸುವ ಅಗತ್ಯ ಏನಿತ್ತೋ ಗೊತ್ತಿಲ್ಲ. ಸಹಿ ಹಾಕಲಿಲ್ಲ. ಕಾರಿಲ್ಲದೆ ನಡೆಯುವುದಿಲ್ಲವಾದ್ದರಿಂದ ಪೂರ್ತಿ ಬಿಲ್ ಕಟ್ಟಿ ರಿಪೇರಿ ಮಾಡಿಸಿದೆ.

ಹಳೆಯ ಟೆನ್ಷನರ್ ಕೊಡಿ ಅಂದೆ. ಅದನ್ನು ಕಂಪನಿಗೆ ವಾಪಸ್ ಕಳಿಸಬೇಕು, ಕೊಡಲಾಗುವುದಿಲ್ಲ ಅಂದರು. ಕೊಡುವುದಿಲ್ಲ ಅಂತ ಬರೆದುಕೊಡಿ ಅಂದೆ. ಹತ್ತು ನಿಮಿಷಕ್ಕೆ ಪ್ಲಾಸ್ಟಿಕ್ ಕವರಿನಲ್ಲಿ ಬಂತು.

ಮನೆಗೆ ಬಂದು ಬಿಲ್ಲಿನಲ್ಲಿದ್ದ ಹೊಸ ಭಾಗದ ನಂಬರನ್ನು ಹಳೆಯದರ ಮೇಲೆ ಕೆತ್ತಿದ್ದ ನಂಬರಿನ ಜೊತೆ ಹೋಲಿಸಿ ನೋಡಿದೆ. ಅಂಕಿಗಳೆಲ್ಲ ಒಂದೇ. ಕೊನೆಯ ಅಕ್ಷರ ಮಾತ್ರ ಬೇರೆ. ಗೊತ್ತಿರುವ ಮೆಕ್ಯಾನಿಕ್ ಒಬ್ಬರನ್ನು ಕೇಳಿದೆ. "ಪಾರ್ಟ್ ರಿವೈಸ್ ಮಾಡಿದಾರೆ ಮೇಡಂ, ಹಳೇದರ ಬದಲು ಇದು ಬಂದಿದೆ" ಅಂದರು. ಅಂದರೆ ನನಗೆ "ನಾರ್ಮಲ್" ಅಂತ ಹೇಳಿ ಕಳಿಸಿದ ಭಾಗವನ್ನು ಈ ಮಧ್ಯೆ ಎಲ್ಲೋ ಕೂತು ಯಾರೋ ಬದಲಾಯಿಸಿದ್ದಾರೆ. ಯಾಕೆ? ಅಗ್ಗವಾಗಲಿ ಅಂತಲೂ ಇರಬಹುದು, ತಯಾರಕ ಬದಲಾಗಿರಲೂಬಹುದು. ದೋಷವಿತ್ತು ಅಂತಲೇ ನಾನು ಎದೆ ತಟ್ಟಿ ಹೇಳಲಾರೆ. ಮೂರು ಸಲ ಬರೆದು ಕೇಳಿದೆ. ಅದು ಕಂಪನಿಯ ಆಂತರಿಕ ವಿಷಯವಂತೆ.

ಕಂಪನಿಯ ಕಡೆಯ ಮಾತೂ ಇದೆ, ಒಪ್ಪುತ್ತೇನೆ. ಯಂತ್ರ ಅಂದಮೇಲೆ ಸವೆಯುತ್ತದೆ. ವಾರಂಟಿ ಎಲ್ಲೋ ಒಂದು ಕಡೆ ಮುಗಿಯಲೇಬೇಕು. ಬ್ರೇಕ್ ಪ್ಯಾಡ್, ಕ್ಲಚ್, ಬ್ಯಾಟರಿ ಹೋಯಿತು ಅಂತ ನಾನು ಯಾರ ಬಾಗಿಲನ್ನೂ ತಟ್ಟುವವಳಲ್ಲ. ಆದರೆ ನನ್ನ ಕಾರಿನ ಮ್ಯಾನುವಲ್ ತೆಗೆದು ನೋಡಿ. ಏರ್ ಫಿಲ್ಟರ್ ಇಷ್ಟು ಕಿಲೋಮೀಟರ್‌ಗೆ, ಸ್ಪಾರ್ಕ್ ಪ್ಲಗ್ ಇಷ್ಟಕ್ಕೆ, ಕೂಲೆಂಟ್ ಇಷ್ಟು ವರ್ಷಕ್ಕೆ ಅಂತ ಪಟ್ಟಿ ಇದೆ. ಟೈಮಿಂಗ್ ಚೈನ್ ಮತ್ತು ಟೆನ್ಷನರ್ ಆ ಪಟ್ಟಿಯಲ್ಲೇ ಇಲ್ಲ. ಬದಲಾಯಿಸುವ ಅಗತ್ಯವೇ ಬರುವುದಿಲ್ಲ, ಇಂಜಿನ್ ಇರುವಷ್ಟು ದಿನ ಇರುತ್ತದೆ ಅಂತ ತಾನೇ ಅದರ ಅರ್ಥ? ಹಾಗಾದರೆ 58,000 ಕಿಲೋಮೀಟರ್‌ಗೆ ಸತ್ತಿದ್ದು ಸವೆತ ಹೇಗಾಗುತ್ತದೆ?

ನಾನು ಕೇಳುತ್ತಿರುವುದು ಹೊಸದೇನಲ್ಲ. ಅಮೆರಿಕದಲ್ಲಿ ಹ್ಯುಂಡೈ ಮತ್ತು ಕಿಯಾದ ಥೀಟಾ 2 ಇಂಜಿನ್‌ಗಳ ಕಥೆ ನಿಮ್ಮ ಅಧಿಕಾರಿಗಳಿಗೆ ಗೊತ್ತಿರಬೇಕು. ಕಾರ್ಖಾನೆಯಲ್ಲಿ ಕ್ರ್ಯಾಂಕ್‌ಶಾಫ್ಟ್ ಕೊರೆಯುವಾಗ ಉಳಿದ ಲೋಹದ ಚೂರು ಆಯಿಲ್ ಹರಿಯುವ ದಾರಿಗೆ ಅಡ್ಡ ಬಂದು, ಬೇರಿಂಗ್ ಸವೆದು, ಇಂಜಿನ್ ಸೀಜ್ ಆಗಿ ತಿರುಗದೆ ನಿಲ್ಲುತ್ತಿತ್ತು. 2015ರಲ್ಲಿ ಒಂದು ರೀಕಾಲ್ (ದೋಷವಿರುವ ಕಾರುಗಳನ್ನು ಕಂಪನಿಯೇ ವಾಪಸ್ ಕರೆಸಿ ಸರಿಮಾಡಿಕೊಡುವುದು), 2017ರಲ್ಲಿ ಇನ್ನೊಂದು. ಒಳಗಿನ ದಾಖಲೆ ಹಿಡಿದು ಸರ್ಕಾರದ ಹತ್ತಿರ ಹೋದವರು ಹ್ಯುಂಡೈ ಕಂಪನಿಯದೇ ಇಂಜಿನಿಯರ್ ಒಬ್ಬರು. 2020ರಲ್ಲಿ, ರೀಕಾಲ್ ತಡ ಮಾಡಿದ ಆರೋಪದ ಮೇಲೆ, ಎರಡೂ ಕಂಪನಿಗಳು ಒಟ್ಟು 21 ಕೋಟಿ ಡಾಲರ್ ದಂಡಕ್ಕೆ ಒಪ್ಪಬೇಕಾಯಿತು. ಆ ಇಂಜಿನಿಯರ್ ಸುಮ್ನೆ ಇದ್ದಿದ್ದರೆ? ಕಾರಿನವರೆಲ್ಲ ತಮ್ಮದೊಂದೇ ಹೀಗಾಯಿತು ಅಂದುಕೊಂಡು ಬಿಲ್ ಕಟ್ಟುತ್ತಿದ್ದರೋ ಏನೋ. ಯುರೋಪಿನಲ್ಲಿ ಸ್ಟೆಲಾಂಟಿಸ್ ಕಂಪನಿ ತನ್ನ 1.2 ಲೀಟರ್ ಪ್ಯೂರ್‌ಟೆಕ್ ಇಂಜಿನ್‌ನ ಟೈಮಿಂಗ್ ಬೆಲ್ಟ್ (ಚೈನ್ ಮಾಡುವ ಕೆಲಸವನ್ನೇ ಮಾಡುವ ಪಟ್ಟಿ) ತೊಂದರೆಗೆ 2024ರಲ್ಲಿ 10 ವರ್ಷ ಅಥವಾ 1,75,000 ಕಿಲೋಮೀಟರ್‌ವರೆಗೆ ರಕ್ಷಣೆ ವಿಸ್ತರಿಸಿತು. ವಾರಂಟಿಯ ಗೆರೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಸಾವಿರಾರು ಜನ ಒಟ್ಟಿಗೆ ಕೂಗಿದರೆ ಸರಿಯುತ್ತದೆ, ಒಬ್ಬಳೇ ಕೇಳಿದರೆ ಸರಿಯುವುದಿಲ್ಲ.

ಹಾಗಾಗಿ ನನ್ನ ಮೊದಲ ಬೇಡಿಕೆ ಹಣದ್ದಲ್ಲ, ಮಾಹಿತಿಯದ್ದು. ಒಂದೇ ತೊಂದರೆ ಪದೇ ಪದೇ ಬಂದಾಗ ಕಂಪನಿಗಳು ತಮ್ಮ ವರ್ಕ್‌ಶಾಪ್‌ಗಳಿಗೆ ಸರ್ವಿಸ್ ಬುಲೆಟಿನ್ ಕಳಿಸುತ್ತವೆ: ಈ ಸದ್ದು ಬಂದರೆ ಇದನ್ನು ನೋಡಿ, ಈ ಭಾಗ ಬದಲಾಯಿಸಿ ಅಂತ. ಅಮೆರಿಕದಲ್ಲಿ ಕಂಪನಿಗಳು ಇದರ ಪ್ರತಿಯನ್ನು ಸರ್ಕಾರಕ್ಕೆ ಕೊಡಲೇಬೇಕು, ಜನರು ಅದನ್ನು ಹುಡುಕಿ ಓದಬಹುದು. ನಮಗೂ ಅದು ಬೇಕು. ಯಾವ ಭಾಗವನ್ನು ಯಾವಾಗ, ಯಾಕೆ ರಿವೈಸ್ ಮಾಡಿದರು ಅನ್ನುವುದೂ ಅದರಲ್ಲಿರಬೇಕು. ನನ್ನ ಎರಡನೇ ಸರ್ವಿಸ್‌ನ ದಿನ ಅಂಥ ಒಂದು ಕಾಗದ ನನ್ನ ಕೈಯಲ್ಲಿದ್ದಿದ್ದರೆ ಟೆನ್ಷನರ್ ಒಂದನ್ನೇ ಬದಲಾಯಿಸಿ ಮುಗಿಸಬಹುದಿತ್ತು.

ಇನ್ನೊಂದು, ಬಿಚ್ಚಿದ ಭಾಗ ಗ್ರಾಹಕರದು. ತಕರಾರು ಮುಗಿಯುವವರೆಗೆ ಅದನ್ನು ಗ್ರಾಹಕರ ಕೈಗೇ ಕೊಡಬೇಕು. ನಾನು ಹಟ ಮಾಡಿದ್ದಕ್ಕೆ ಸಿಕ್ಕಿತು. ಎಲ್ಲರೂ ವರ್ಕ್‌ಶಾಪ್‌ನಲ್ಲಿ ನಿಂತು ಜೋರು ಮಾಡಲಾಗುವುದಿಲ್ಲ, ಮಾಡಬೇಕಾಗಿಯೂ ಬರಬಾರದು.

ಮೂರನೆಯದು ಸ್ವಲ್ಪ ಕಷ್ಟದ್ದು, ಕಂಪನಿಗಳು ಒಪ್ಪುವುದಿಲ್ಲ. ಮ್ಯಾನುವಲ್‌ನಲ್ಲಿ ಬದಲಾಯಿಸುವ ಅವಧಿಯನ್ನೇ ಹೇಳದ ಭಾಗ ಮುರಿದರೆ, ಮೊದಲ ಕೆಲವು ವರ್ಷ, ತಪ್ಪು ತನ್ನದಲ್ಲ ಅಂತ ತೋರಿಸುವ ಹೊಣೆ ಕಂಪನಿಯ ಮೇಲೇ ಇರಲಿ. ಎಷ್ಟು ವರ್ಷ ಅನ್ನುವುದನ್ನು ನೀವು ತಜ್ಞರನ್ನು ಕೇಳಿ ನಿರ್ಧರಿಸಿ. ನಾರ್ವೆಯಲ್ಲಿ ಬಹಳ ಕಾಲ ಬಾಳಬೇಕಾದ ವಸ್ತುಗಳ ದೋಷಕ್ಕೆ 5 ವರ್ಷದವರೆಗೆ ದೂರು ಕೊಡುವ ಹಕ್ಕಿದೆ, ಕಂಪನಿ ಕೊಟ್ಟ ವಾರಂಟಿ ಎಷ್ಟೇ ಇರಲಿ. ಬೇರೆ ಕಡೆ ಆಗುವುದು ಇಲ್ಲಿ ಯಾಕೆ ಆಗಬಾರದು ಅಂತ ಕಂಪನಿಗಳನ್ನೇ ಕರೆದು ಕೇಳಿ.

ನನ್ನ ದೂರು ಗ್ರಾಹಕರ ನ್ಯಾಯಾಲಯದಲ್ಲಿದೆ. ಅದರ ತೀರ್ಪು ಏನಾದರೂ ಬರಲಿ, ಅದಕ್ಕಾಗಿ ನಿಮ್ಮ ಶಿಫಾರಸು ಕೇಳುತ್ತಿಲ್ಲ. ಹಳೆಯ ಟೆನ್ಷನರ್, ಎರಡು ನಂಬರಿನ ಫೋಟೋ, ಸೀಲು ಇರುವ ಜಾಬ್ ಕಾರ್ಡ್ ಮೂರೂ ಜೋಪಾನವಾಗಿ ಇಟ್ಟಿದ್ದೇನೆ. ನಿಮ್ಮ ಇಲಾಖೆಯಲ್ಲಿ ಇಂಜಿನ್ ಗೊತ್ತಿರುವ ಅಧಿಕಾರಿ ಒಬ್ಬರು ಅರ್ಧ ಗಂಟೆ ಸಮಯ ಕೊಟ್ಟರೆ ನಾನೇ ತಂದು ತೋರಿಸುತ್ತೇನೆ. ಕಾರು ಈಗ ಓಡುತ್ತಿದೆ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಸದ್ದಿಲ್ಲ.

ಇಂತಿ ನಮಸ್ಕಾರಗಳೊಂದಿಗೆ,
ಒಬ್ಬ ಕಾರಿನ ಒಡತಿ