ಮೊಟ್ಟೆ ಹೇಗೆ ಬೇಕು ಅಂತ ಕೇಳಿದವರಿಗೆ

ಇದ್ದ ಕೆಲಸ ಹೋಗಿತ್ತು, ಕಳೆದ ವಾರ ಹೊಸ ಕೆಲಸಕ್ಕೆ ಸೇರಿಕೊಂಡೆ. ವೀಸಾದ ಕಾಗದಪತ್ರವೂ ಒಂದು ಹದಕ್ಕೆ ಬಂತು. ರೆಸ್ಯೂಮೆ ತಿದ್ದಿಕೊಟ್ಟವರು, ತಮ್ಮ ಕಂಪನಿಯಲ್ಲಿ ನನ್ನ ಹೆಸರು ಹೇಳಿದವರು, ದಿನಾ ಫೋನ್ ಮಾಡಿ ವಿಚಾರಿಸಿದವರು, ಎಲ್ಲರಿಗೂ ಒಬ್ಬೊಬ್ಬರಿಗೇ ಥ್ಯಾಂಕ್ಸ್ ಹೇಳಿದ್ದೇನೆ. ಇಲ್ಲಿ ಬರೆಯುತ್ತಿರುವುದು ಬೇರೆಯವರಿಗೆ. ನನ್ನನ್ನು ಬಲವಂತವಾಗಿ ಕಾರು ಹತ್ತಿಸಿದ ಮೂವರು ಗೆಳೆಯರಿಗೆ, ಮತ್ತೆ ಅಮೆರಿಕದ ಮ್ಯಾಸಚೂಸೆಟ್ಸ್ ರಾಜ್ಯದ ಒಂದು ಪುಟ್ಟ ಡೈನರಿನವರಿಗೆ, ಅಂದರೆ ಅಲ್ಲಿನ ಸಾದಾ ತಿಂಡಿ ಹೋಟೆಲಿನವರಿಗೆ.

ಅಮೆರಿಕದಲ್ಲಿ ಎಚ್-1ಬಿ ಅನ್ನುವ ಕೆಲಸದ ವೀಸಾ ಮೇಲೆ ಇರುವವರಿಗೆ ಈ ಕಷ್ಟ ಬಿಡಿಸಿ ಹೇಳಬೇಕಿಲ್ಲ. ಕೆಲಸ ಹೋದರೆ ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಇನ್ನೊಂದು ಕಂಪನಿ ನಮಗಾಗಿ ಅರ್ಜಿ ಹಾಕಬೇಕು. ಇಲ್ಲ, ಬೇರೆ ವೀಸಾ ನೋಡಿಕೊಳ್ಳಬೇಕು. ಅದೂ ಆಗಲಿಲ್ಲ ಅಂದರೆ ಗಂಟುಮೂಟೆ ಕಟ್ಟೋದೇ. ಬೆಳಗಾದರೆ ಕ್ಯಾಲೆಂಡರ್, ಆಮೇಲೆ ಇಂಟರ್‌ವ್ಯೂ. ಇಂಥ ಹೊತ್ತಲ್ಲಿ "ಶನಿವಾರ ಸುಮ್ನೆ ಸುತ್ತಾಡ್ಕೊಂಡು ಬರೋಣ ನಡಿ" ಅಂದಾಗ ಚೆನ್ನಾಗಿ ಬೈದೆ. ಬೈಸಿಕೊಂಡೇ ಕರೆದುಕೊಂಡು ಹೋದರು.

ಡೈನರ್ ಹೊರಗಿನಿಂದ ಥೇಟ್ ರೈಲು ಡಬ್ಬಿ. ವುಸ್ಟರ್ ಊರಿನ ಒಂದು ಕಂಪನಿ 1906ರಿಂದ 1957ರವರೆಗೆ ಇಂಥ 600ಕ್ಕೂ ಹೆಚ್ಚು ಡೈನರ್‌ಗಳನ್ನು ಕಾರ್ಖಾನೆಯಲ್ಲೇ ಕಟ್ಟಿ, ಬೇಕೆಂದ ಊರಿಗೆ ಸಾಗಿಸಿ ಕೊಡುತ್ತಿತ್ತು. ಅದರಲ್ಲಿ ಇದೂ ಒಂದು. ಕಾರು ಓಡಿಸುತ್ತಿದ್ದವನಿಗೆ ಈ ವಿಷಯದ ಹುಚ್ಚು. 1872ರಲ್ಲಿ ಪ್ರಾವಿಡೆನ್ಸ್‌ನಲ್ಲಿ ವಾಲ್ಟರ್ ಸ್ಕಾಟ್ ಅನ್ನುವವನು ಕುದುರೆ ಗಾಡಿಯಲ್ಲಿ ರಾತ್ರಿ ಹೊತ್ತು ತಿಂಡಿ ಮಾರಲು ಶುರು ಮಾಡಿದ, ಡೈನರ್‌ಗಳ ವಂಶವೆಲ್ಲ ಅಲ್ಲಿಂದಲೇ ಅಂತ ದಾರಿಯುದ್ದಕ್ಕೂ ಕೊರೆದ. ಆವತ್ತು ಆ ಕೊರೆತವೂ ಹಿತವಾಗಿತ್ತು.

ಒಳಗೆ ಕಾಲಿಟ್ಟರೆ ಒಂದು ಕಪ್ಪಿಗೂ ಇನ್ನೊಂದಕ್ಕೂ ಹೋಲಿಕೆಯೇ ಇಲ್ಲ. ನನಗೆ ಸಿಕ್ಕಿದ್ದರ ಮೇಲೆ ಯಾರೋ ಹಲ್ಲಿನ ಡಾಕ್ಟರ ಜಾಹೀರಾತು. ಗೋಡೆ ಗಡಿಯಾರದ ಮುಳ್ಳು ಹಿಂದಕ್ಕೆ ಓಡುತ್ತಿತ್ತು, ಬೇಕಂತಲೇ ಹಾಗೆ ಮಾಡಿದ್ದು. ನನ್ನ ಪರಿಸ್ಥಿತಿಗೆ ಅಂಥ ಗಡಿಯಾರವೇ ಬೇಕಿತ್ತು ಅಂದೆ. ನಾಲ್ವರೂ ಬಿದ್ದು ಬಿದ್ದು ನಕ್ಕೆವು.

ಪೆನ್ನು ಕಿವಿಗೆ ಸಿಕ್ಕಿಸಿಕೊಂಡ ವಯಸ್ಸಾದ ಹೆಂಗಸೊಬ್ಬರು ಬಂದು, ಕೇಳುವ ಮೊದಲೇ ಕಾಫಿ ಸುರಿದರು. "ಮೊಟ್ಟೆ ಹೇಗೆ ಬೇಕು, ಹನೀ?" ಅಂದರು, ನಮ್ಮಲ್ಲಿ 'ಕಂದಾ' ಅನ್ನೋ ಹಾಗೆ. ಮಗುಚದೆ ಬೇಯಿಸಿದ ಸನ್ನಿ ಸೈಡ್ ಅಪ್ಪಾ, ಮಗುಚಿ ತುಸು ಬೇಯಿಸಿದ ಓವರ್ ಈಸಿನಾ, ಕಲಕಿದ್ದಾ? ಬ್ರೆಡ್ ಬಿಳಿದಾ, ಗೋಧಿದಾ, ರೈ ಅನ್ನೋ ಧಾನ್ಯದ್ದಾ? ವಾರಗಟ್ಟಲೆ ಪ್ರಶ್ನೆಗಳಿಗೆ ಉತ್ತರ ಕೊಟ್ಟು ಸುಸ್ತಾಗಿದ್ದವನಿಗೆ, ಯಾವ ಉತ್ತರ ಕೊಟ್ಟರೂ ಸರಿಯಾಗುವ ಪ್ರಶ್ನೆಗಳು! ಏನು ಕೆಲಸ, ಎಲ್ಲಿ ಕೆಲಸ ಅಂತ ಮಾತ್ರ ಅವರು ಕೇಳಲೇ ಇಲ್ಲ. ಆ ಊರಲ್ಲಿ ಹುಟ್ಟಿ ಬೆಳೆದವನ ಹಾಗೆ ನೋಡಿಕೊಂಡರು.

ನಮ್ಮಲ್ಲೊಬ್ಬ ಮೊಟ್ಟೆಯನ್ನೂ ಮುಟ್ಟುವುದಿಲ್ಲ. ಪ್ಯಾನ್‌ಕೇಕ್‌ನಲ್ಲೂ ಮೊಟ್ಟೆ, ಪಕ್ಕದಲ್ಲೇ ಅದೇ ಕಾವಲಿ ಮೇಲೆ ಹಂದಿಮಾಂಸದ ಬೇಕನ್ ಚುರುಗುಡುತ್ತಿದೆ. ಅವನು ಬರೀ ಕಾಫಿ ಸಾಕು ಅಂದ. ಅಡುಗೆಯವರು ಕೌಂಟರಿನ ಆಚೆಯಿಂದಲೇ ಕೇಳಿಸಿಕೊಂಡರು. ಒಂದೂ ಮಾತಾಡದೆ ಸಣ್ಣ ಬಾಣಲೆಯನ್ನು ಸೋಪು ಹಾಕಿ ತೊಳೆದು, ಎಣ್ಣೆ ಬಿಟ್ಟು, ಬೇಯಿಸಿದ ಆಲೂಗಡ್ಡೆ ಹೋಳು, ಈರುಳ್ಳಿ ಹಾಕಿದರು. ಮಗುಚೋಕೆ ಆತುರವೇ ಇಲ್ಲ. ಸಟ್ಟುಗದಿಂದ ಒತ್ತಿ ಒತ್ತಿ, ತಳ ಕೆಂಪಗೆ ಗರಿಗರಿಯಾದ ಮೇಲೆ ಒಂದೇ ಸಲ ತಿರುವಿ ಹಾಕಿದರು. ಆ ಗಡಿಬಿಡಿಯಲ್ಲಿ, ಬಾಗಿಲ ತನಕ ಜನ ಕ್ಯೂ ನಿಂತಿದ್ದಾಗ, ಅಷ್ಟು ಮಾಡಿದರು. ಬಿಲ್ಲಿನಲ್ಲಿ ಆಲೂಗಡ್ಡೆಗೆ ಸೇರಿಸಿದ್ದು ಮಾಮೂಲಿ ದುಡ್ಡೇ.

ಕೆಲಸ ಸಿಕ್ಕಿದ್ದು ಡೈನರಿಗೆ ಹೋಗಿದ್ದರಿಂದ ಅಂತ ಹೇಳುತ್ತಿಲ್ಲ. ಮುಂದಿನ ಇಂಟರ್‌ವ್ಯೂನಲ್ಲೂ ಫೇಲೇ. ಆದರೆ ಆವತ್ತು ಹೊಟ್ಟೆತುಂಬ ತಿಂದೆ, ರಾತ್ರಿ ನಿದ್ದೆ ಬಂತು. ಸೋಮವಾರ ಮತ್ತೆ ಅರ್ಜಿ ಹಾಕುವಷ್ಟು ಜೀವ ಬಂತು.

ಆ ಅಮ್ಮನಿಗೂ ಅಡುಗೆಯವರಿಗೂ ಕಾರ್ಡ್ ಬರೆದು ಅಂಚೆಗೆ ಹಾಕಿದ್ದೇನೆ. ನಿಮಗೆ ಮೂವರಿಗೆ, ಥ್ಯಾಂಕ್ಸ್ ಕಣ್ರೋ. ಆವತ್ತು ನಾನು ಕೈತೊಳೆಯೋಕೆ ಹೋದಾಗ ಬಿಲ್ ಕೊಟ್ಟು, ಟಿಪ್ಸೂ ಇಟ್ಟು ಮುಗಿಸಿಬಿಟ್ಟಿದ್ರಿ. ಮೊದಲ ಸಂಬಳ ಬಂದ ಶನಿವಾರ ಮತ್ತೆ ಅಲ್ಲಿಗೇ ಹೋಗೋಣ. ಬಿಲ್ ನಂದು, ಜಗಳ ಮಾಡಬೇಡಿ.