ಪುಟ್ಟಿಯ ಶಾಲೆಯ ವಿಚಾರ: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಪುಟ್ಟಿ ಜೂನ್‌ನಲ್ಲಿ ಒಂದನೇ ಕ್ಲಾಸಿಗೆ ಹೋಗುತ್ತಾಳೆ ಅಂತ ಓದಿ ಖುಷಿಯಾಯಿತು. ನೀನು ನೋಡಿ ಬಂದ ಶಾಲೆಯಲ್ಲಿ ಮಕ್ಕಳ ಮನಸ್ಸಿನ ಆರೋಗ್ಯಕ್ಕೆ ಅಂತಲೇ ವಾರಕ್ಕೊಂದು ಪೀರಿಯಡ್ ಇದೆ, ಕೌನ್ಸೆಲರ್ ಇದ್ದಾರೆ ಅಂತ ಬರೆದಿದ್ದೀಯ. ಕಾಂಪೌಂಡ್ ಒಳಗೆ ಕನ್ನಡ ಮಾತಾಡುವ ಹಾಗಿಲ್ಲ ಅಂತಲೂ ಬರೆದಿದ್ದೀಯ. ಏನನ್ನಿಸುತ್ತೆ ಅಂತ ಕೇಳಿದ್ದೀಯಲ್ಲ, ನನ್ನ ಕ್ಲಾಸಿನ ಒಂದು ಸಂಗತಿ ಹೇಳುತ್ತೇನೆ.

ನಮ್ಮ ಶಾಲೆಗೆ ಪಕ್ಕದ ತಾಂಡಾದ ಮಕ್ಕಳು ಬರುತ್ತಾರೆ. ಮನೆಯಲ್ಲಿ ಲಂಬಾಣಿ, ಶಾಲೆಯಲ್ಲಿ ಕನ್ನಡ. ಕೆಲವು ವರ್ಷದ ಹಿಂದೆ ಅಲ್ಲಿಂದ ಒಬ್ಬ ಹುಡುಗ ಸೇರಿದ. ಬ್ಯಾಗನ್ನು ತೊಡೆಯಿಂದ ಕೆಳಗಿಡುತ್ತಿರಲಿಲ್ಲ. ಹೆಸರು ಕೂಗಿದರೂ ತಲೆ ಎತ್ತುತ್ತಿರಲಿಲ್ಲ. ಹಟಮಾರಿ ಅಂದುಕೊಂಡೆ. ನಾಲ್ಕನೇ ದಿನ ಕೂತಲ್ಲೇ ಒಂದಕ್ಕೆ ಮಾಡಿಕೊಂಡ. ಮಕ್ಕಳು ನಕ್ಕರು. ‘ಬಾಯಿಬಿಟ್ಟು ಹೇಳೋಕಾಗಲ್ವಾ?’ ಅಂತ ಗದರಿದೆ. ಬಿಸಿಯೂಟದ ಅಡುಗೆಯಕ್ಕ ಸೌಟು ಅಲ್ಲೇ ಬಿಟ್ಟು ಓಡಿ ಬಂದು ಅವನನ್ನು ಎತ್ತಿಕೊಂಡರು. ‘ಹೆಂಗ ಹೇಳ್ಬೇಕ್ರೀ ಸರ? ಕೂಸಿಗೆ ಕನ್ನಡ ಬರಂಗಿಲ್ಲ’ ಅಂದರು. ಅವರದೂ ಅದೇ ತಾಂಡಾ. ಅವರ ಸೊಂಟದ ಮೇಲೆ ಕೂತು ಅವನು ಮೊದಲ ಸಲ ಮಾತಾಡಿದ. ‘ಯಾಡಿ’ ಅಂದ. ಅವರ ಮಾತಿನಲ್ಲಿ ಅಮ್ಮ.

ಆ ರಾತ್ರಿ ನನಗೆ ನಿದ್ದೆ ಬರಲಿಲ್ಲ ಕಣೋ. ಮರುದಿನ ಅಡುಗೆಯಕ್ಕನ ಹತ್ತಿರ ಕೂತು ಹತ್ತಿಪ್ಪತ್ತು ಮಾತು ಬರೆದುಕೊಂಡೆ. ನೀರು, ಹೊಟ್ಟೆನೋವು, ಹೆದರಿಕೆ, ಮನೆಗೆ ಹೋಗಬೇಕು, ಇಂಥವು. ಒಂದಕ್ಕೆ ಹೋಗಲು ಯಾರೂ ನನ್ನ ಅಪ್ಪಣೆ ಕೇಳಬೇಕಿಲ್ಲ, ಕಿರುಬೆರಳು ತೋರಿಸಿ ಎದ್ದು ಹೋಗಿ ಅಂತ ಎಲ್ಲರಿಗೂ ಹೇಳಿದೆ. ನಾನು ‘ಪಾಣಿ’ ಅಂದಾಗ ತಾಂಡಾದ ಮಕ್ಕಳೆಲ್ಲ ಒಟ್ಟಿಗೆ ತಿರುಗಿ ನೋಡಿದರು. ಆ ಹುಡುಗ ಬ್ಯಾಗ್ ಕೆಳಗಿಡೋಕೆ ಮತ್ತೆ ಎರಡು ವಾರ ಹಿಡಿಯಿತು.

ನನಗೆ ಆಸರೆಯಾಗಿದ್ದು ನಲಿ-ಕಲಿ, ನಮ್ಮ ಸರ್ಕಾರಿ ಶಾಲೆಗಳ ಚಟುವಟಿಕೆಯಿಂದ ಕಲಿಯುವ ಪದ್ಧತಿ. 1995ರಲ್ಲಿ ಹೆಗ್ಗಡದೇವನಕೋಟೆಯ ಶಾಲೆಗಳಲ್ಲಿ ಶುರುವಾದದ್ದು. ಆಂಧ್ರದ ರಿಷಿವ್ಯಾಲಿ ಶಾಲೆಯ ಪದ್ಧತಿ ನೋಡಿ ಬಂದ ಮೇಷ್ಟ್ರುಗಳೇ ಅದನ್ನು ಕಟ್ಟಿದರು. ಒಂದರಿಂದ ಮೂರನೇ ಕ್ಲಾಸಿನ ಮಕ್ಕಳು ಒಂದೇ ಕೋಣೆಯಲ್ಲಿ ಗುಂಪಾಗಿ ಕೂರುತ್ತಾರೆ. ಕಲಿಕಾ ಏಣಿ ಅನ್ನುವ ಚಾರ್ಟಿನಲ್ಲಿ ತನ್ನ ಮೆಟ್ಟಿಲು ಯಾವುದು ಅಂತ ನೋಡಿಕೊಂಡು ಮಗು ತನ್ನ ಚಟುವಟಿಕೆಯ ಕಾರ್ಡ್ ತೆಗೆದುಕೊಳ್ಳುತ್ತೆ. ಓದು-ಬರಹ ಕಲಿಸುವ ಪದ್ಧತಿ, ಅಷ್ಟೇ ಅಂತ ಜಾಸ್ತಿ ಜನ ತಿಳಿದಿದ್ದಾರೆ. ನಾನು ಹಾಗೆ ಅನ್ನಲ್ಲ. ತಾಂಡಾದವರು ದೀಪಾವಳಿ ಮುಗಿಯುತ್ತಲೇ ಕಬ್ಬು ಕಡಿಯಲು ಗುಳೆ ಹೋಗುತ್ತಾರೆ. ಎಷ್ಟೋ ಮಕ್ಕಳೂ ಅವರ ಜೊತೆ ಹೋಗುತ್ತವೆ. ತಿಂಗಳುಗಟ್ಟಲೆ ಬಿಟ್ಟು ಬಂದ ಮಗು ಎಲ್ಲಿ ನಿಲ್ಲಿಸಿತ್ತೋ ಅದೇ ಕಾರ್ಡಿನಿಂದ ಮುಂದುವರಿಯುತ್ತೆ. ಯಾರ ಮುಂದೆಯೂ ತಲೆ ತಗ್ಗಿಸಬೇಕಿಲ್ಲ. ಗುಳೆಯಿಂದ ವಾಪಸ್ ಬಂದ ಮಗು ಬಾಗಿಲಲ್ಲಿ ನಿಂತು ಅಳುಕುವುದನ್ನು ನೋಡಿದವರಿಗೆ ಇದರ ಬೆಲೆ ಗೊತ್ತು. ಎಲ್ಲ ಶಾಲೆಯಲ್ಲೂ ಹೀಗೇ ನಡೆಯುತ್ತೆ ಅಂತಲ್ಲ. ಮೂರು ಕ್ಲಾಸಿಗೂ ಮೇಷ್ಟ್ರು ಒಬ್ಬರೇ, ಜೊತೆಗೆ ಕಚೇರಿ ಕೆಲಸವೂ ಅವರದೇ ಆದರೆ ಕಾರ್ಡುಗಳು ಸುಮ್ನೆ ಗೂಡಲ್ಲೇ ಉಳಿಯುತ್ತವೆ.

ಪೀರಿಯಡ್ ಬೇಡ ಅಂತ ನಾನು ಹೇಳುತ್ತಿಲ್ಲ. ದೆಹಲಿಯ ಸರ್ಕಾರಿ ಶಾಲೆಗಳಲ್ಲಿ 2018ರಲ್ಲಿ ನರ್ಸರಿಯಿಂದ ಎಂಟನೇ ಕ್ಲಾಸಿನವರೆಗೆ ಹ್ಯಾಪಿನೆಸ್ ಪೀರಿಯಡ್ ತಂದರು. ಉಸಿರಿನ ಮೇಲೆ ಗಮನ, ಕಥೆ, ಮಾತುಕತೆ. ಅದಕ್ಕೆ ಪರೀಕ್ಷೆ ಇರಲಿಲ್ಲ. ಒಳ್ಳೆಯದೇ. ಆದರೆ ಅದಾದ ಮೇಲೆ ಗಣಿತಕ್ಕೆ ಬಂದವರು ‘ದಡ್ಡ’ ಅಂದುಬಿಟ್ಟರೆ ಎಲ್ಲ ನೀರಿನಲ್ಲಿ ಹೋಮ ಮಾಡಿದ ಹಾಗೆ. 2009ರ ಶಿಕ್ಷಣ ಹಕ್ಕು ಕಾಯ್ದೆಯ 17ನೇ ಸೆಕ್ಷನ್ ಮಗುವನ್ನು ಹೊಡೆಯೋದನ್ನಷ್ಟೇ ಅಲ್ಲ, ಮಾನಸಿಕವಾಗಿ ಹಿಂಸಿಸೋದನ್ನೂ ನಿಷೇಧಿಸಿದೆ. ಮನೆಮಾತು ಆಡಿತು ಅಂತ ಆರು ವರ್ಷದ ಮಗುವನ್ನು ಎದ್ದು ನಿಲ್ಲಿಸಿದರೆ ಅದು ಹಿಂಸೆಯಲ್ಲದೆ ಮತ್ತೇನು?

ಪುಟ್ಟಿ ನಿದ್ದೆಯಲ್ಲಿ ಕನವರಿಸೋದೂ ಕನ್ನಡದಲ್ಲೇ ಅಲ್ವಾ? ದುಡ್ಡು ಕಟ್ಟುವ ಮೊದಲು ಇನ್ನೊಂದು ಸಲ ಆ ಶಾಲೆಗೆ ಹೋಗು. ಕೌನ್ಸೆಲರ್ ರೂಮು ಆಮೇಲೆ ನೋಡಿದರಾಯಿತು. ಒಂದನೇ ಕ್ಲಾಸಿನ ಟೀಚರನ್ನು ಹುಡುಕಿ ಕೇಳು, ಮೊದಲ ದಿನ ಹೊಟ್ಟೆ ನೋವು ಬಂದರೆ, ಒಂದಕ್ಕೆ ಹೋಗಬೇಕಾದರೆ, ನನ್ನ ಮಗಳು ಅದನ್ನು ಯಾವ ಭಾಷೆಯಲ್ಲಿ ಹೇಳಬಹುದು ಅಂತ. ಅವರು ಏನಂದರು ಅಂತ ನನಗೆ ತಪ್ಪದೆ ಬರಿ.

ನಿನ್ನ,
ಗೆಳೆಯ